ಕಾಲಿನ ಪಟ್ಟಿ ಕತ್ತರಿಸಿದ ದಿನ

ಸೆಪ್ಟೆಂಬರ್ 14, ಸೋಮವಾರ

ನನ್ನ ಮುದ್ದಿನ ಅಮ್ಮನಿಗೆ,

ಗೆದ್ದೆವಮ್ಮಾ! ಆಟ ಹನ್ನೊಂದು ಅಂಕಗಳಿಂದ ಸೋತೆವು, ಅದು ಬೇರೆ ಮಾತು. ನವೆಂಬರ್ ಚುನಾವಣೆಗೆ ನಮ್ಮ ಬಾಸ್ಕೆಟ್‌ಬಾಲ್ ಕ್ರೀಡಾಂಗಣವೇ ಮತಗಟ್ಟೆ! ಫೋನಿನಲ್ಲಿ ಹೇಳಹೊರಟರೆ ನೀನು ನಡುವೆಯೇ ಬೈಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಈ ಊರಿನಲ್ಲಿ ನಮ್ಮ ಕರಿಯರ ಬೀದಿಗಳ ಒಂಬತ್ತು ಮತಗಟ್ಟೆಗಳನ್ನು ಮುಚ್ಚಿಸಿದ್ದರು. ಹೋದ ಸಲ ನೀನು ಐದು ಗಂಟೆ ಸಾಲಿನಲ್ಲಿ ನಿಂತು, ಶಾಲೆಯ ಬಸ್ಸು ಓಡಿಸುವ ಹೊತ್ತಾಯಿತೆಂದು ಓಟು ಹಾಕದೆ ಮರಳಿದೆಯಲ್ಲ, ಇಲ್ಲಿಯೂ ಅದೇ ಪಾಡು. ಚುನಾವಣಾ ಕಚೇರಿಯವರು ಕ್ರೀಡಾಂಗಣವನ್ನು ಮತಗಟ್ಟೆ ಮಾಡಲು ಒಪ್ಪಿದ್ದರು. ತಂಡದ ಮಾಲೀಕರು ಮಾತ್ರ ಆಟದಲ್ಲಿ ರಾಜಕೀಯ ಬೇಡ ಎಂದು ಮುಖ ತಿರುಗಿಸಿದ್ದರು.

ಶನಿವಾರ ಆಟಕ್ಕೆ ಇಪ್ಪತ್ತು ನಿಮಿಷವಿತ್ತು. ಎಲ್ಲರ ಕಣಕಾಲಿಗೂ ಅಂಟುಪಟ್ಟಿ ಸುತ್ತಿಯಾಗಿತ್ತು. ಪಟ್ಟಿಯಿಲ್ಲದೆ ನಾವು ಅಂಗಳಕ್ಕೆ ಇಳಿಯುವುದಿಲ್ಲ. ನಾಯಕಿ ಒಡೆಸ್ಸಾ ಕತ್ತರಿ ಎತ್ತಿ ಹಿಡಿದು, "ಆಡೋರು ಆಡ್ರಮ್ಮಾ. ಮಾಲೀಕರು ಒಪ್ಪೋ ತನಕ ಆಡ್ದೇ ಇರೋರು ಪಟ್ಟಿ ಕತ್ತರಿಸ್ಕೊಳ್ಳಿ" ಎಂದಳು. ನನ್ನತ್ತ ತಿರುಗಿ, "ನೀನು ಸುಮ್ನಿರೇ, ಹತ್ತು ದಿನದ ಮದುಮಗಳೇ" ಎಂದೂ ಛೇಡಿಸಿದಳು. ನನ್ನ ಗುತ್ತಿಗೆ ಹತ್ತೇ ದಿನದ್ದಲ್ಲವೇ? ಅಂದು ಎಂಟನೆಯ ದಿನ.

ಹೆದರಬೇಡ, ಕತ್ತರಿ ನನ್ನ ಕೈಗೆ ಬಂದದ್ದು ಎಲ್ಲರ ಕೊನೆಗೆ. ಹತ್ತರ ಜೊತೆ ಹನ್ನೊಂದು ಎಂದು ನಾನೂ ಕತ್ತರಿಸಿಕೊಂಡೆ. ಸುದ್ದಿ ಕೇಳಿ ಎದುರಾಳಿ ತಂಡದವರೂ ಕತ್ತರಿಸಿಕೊಂಡರಂತೆ! ನನ್ನ ಮೈಯೆಲ್ಲ ಜುಮ್ಮೆಂದಿತು.

ಆಟ ಶುರುವಾಗಬೇಕಾದ ಹೊತ್ತು ಮೀರಿದ ಮೇಲೆ ಮಾಲೀಕರು ಏದುಸಿರು ಬಿಡುತ್ತ ಬಂದರು. "ಏನಿದು ನಾಟಕ? ಒಂಬತ್ತು ಸಾವಿರ ಜನ ಅರ್ಧ ಗಂಟೆಯಿಂದ ಕಾಯ್ತಾ ಇದಾರೆ!"

"ಅರ್ಧ ಗಂಟೆಗೇ ಹೀಗಾಡ್ತೀರಲ್ಲ ಸಾರ್," ಎಂದಳು ಒಡೆಸ್ಸಾ, "ಓಟು ಹಾಕೋರು ಐದು ಗಂಟೆ ಕಾಯ್ತಾರೆ."

ಹೊರಗೆ ಜನ ಕಾಲು ಕುಟ್ಟತೊಡಗಿದರು. ವಿಷಯ ಅವರಿಗೂ ತಿಳಿದಿತ್ತು. "ಓಟು, ಓಟು" ಎಂಬ ಕೂಗಿಗೆ ಗೋಡೆಯೇ ನಡುಗುತ್ತಿತ್ತು. ಮಾಲೀಕರು ಅಲ್ಲೇ ನಿಂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ನೋಡು ಫಜೀತಿ, ಮತ್ತೆ ಸುತ್ತಲು ಪಟ್ಟಿ ಸಾಲದೆ ಎದುರಾಳಿಗಳ ಬಳಿ ಕಡ ಕೇಳಬೇಕಾಯಿತು. ನಾನು ನಾಲ್ಕು ನಿಮಿಷ ಆಡಿದೆ, ಒಮ್ಮೆ ಚೆಂಡನ್ನು ಬುಟ್ಟಿಗೂ ಹಾಕಿದೆ.

ಬಾಯಿ ಮುಚ್ಚಿಕೊಂಡು ಆಡು ಎಂದು ನೀನು ಹೇಳಿ ಕಳಿಸಿದ್ದು ನನಗೆ ನೆನಪಿದೆ. ಬಾಯಿಯನ್ನಂತೂ ತೆರೆಯಲಿಲ್ಲ, ಆಣೆ.

ನಿನ್ನ ಮಗಳು,
ಲಟ್ರೀಸ್

ವಿ.ಸೂ.: ಕತ್ತರಿ ಕೊನೆಗೆ ಬಂತು ಎಂದದ್ದು ಸುಳ್ಳು. ಒಡೆಸ್ಸಾ ಮಾತು ಮುಗಿಸಿದಾಗ ಯಾರೂ ಅಲುಗಲಿಲ್ಲ. ಮೊದಲು ಕೈಚಾಚಿದವಳು ನಾನೇ. ಅದು ಮಾಲೀಕರ ಕಿವಿಗೂ ಬಿದ್ದಿದೆ. ಇಂದು ಹತ್ತು ದಿನ ಮುಗಿಯಿತು, ಗುತ್ತಿಗೆ ಮುಂದುವರಿಸಲಿಲ್ಲ. ಶುಕ್ರವಾರ ಮನೆಗೆ ಬರುತ್ತೇನೆ. ಎಷ್ಟು ಬೇಕಾದರೂ ಬೈಯಿ ಅಮ್ಮಾ, ಆದರೆ ಮೊದಲು ಒಮ್ಮೆ ತಬ್ಬಿಕೋ.