ಐಮನ್ ಫೋಟೋ ವಾಪಸ್ ಕೊಡಿ

ಕೋಗಿಲು,
ಭಾನುವಾರ

ಕೆಂಪಾಪುರದ ಸುಗ್ರಾ ಆಪಾಗೆ ಸಲಾಮ್.

ಹೆಣ್ಣು ನೋಡಲು ಬಂದ ದಿನ ನೀವೇ ಕೇಳಿದಿರಿ, "ಟೆರೇಸ್ ಮೇಲೆ ಆ ದುರ್ಬೀನು ಯಾಕಮ್ಮಾ?" ನನ್ನ ಮಗಳು ಐಮನ್, "ಬೇರೆ ಲೋಕದಲ್ಲೂ ಯಾರೋ ಇದ್ದಾರೆ ಅಂತ ನಂಬ್ತೀನಿ ಆಂಟಿ" ಎಂದಳು. ನನ್ನ ಬಿರಿಯಾನಿಯನ್ನು ಎರಡೆರಡು ಸಲ ಬಡಿಸಿಕೊಂಡು ಉಂಡವರು, ಹುಡುಗಿಗೆ ತಲೆ ಸರಿಯಿಲ್ಲವೆಂದು ಊರೆಲ್ಲ ಸಾರಿ ಸಂಬಂಧ ಮುರಿದಿರಿ.

ಜಿನ್‌ಗಳ ಭಯಕ್ಕೆ ಮಗನ ತೋಳಿಗೆ ತಾಯಿತ ಕಟ್ಟಿದವರು ನೀವು. ಕಾಣದವರನ್ನು ನಂಬುವ ಹಕ್ಕು ನಿಮ್ಮೊಬ್ಬರದೇ? ನಮಾಜಿನಲ್ಲಿ ದಿನವೂ 'ಸಕಲ ಲೋಕಗಳ ಒಡೆಯ' ಎನ್ನುತ್ತೇವೆ. ಹೆಬ್ಬಾಳದ ಫ್ಲೈಓವರ್ ಆಚೆ ಲೋಕವೇ ಇಲ್ಲವೆಂದು ನೀವು ತಿಳಿದಿದ್ದರೆ ಅದು ಆ ಒಡೆಯನ ತಪ್ಪಲ್ಲ.

ನಿನ್ನೆ ನಿಮ್ಮ ಮಗ ಸಾಕಿಬ್ ನನ್ನ ಟೈಲರಿಂಗ್ ಅಂಗಡಿಗೆ ಬಂದಿದ್ದ. "ನಾನೂ ನಂಬ್ತೀನಿ ಆಂಟಿ. ಅಮ್ಮಿಗೆ ಮಾತ್ರ ಹೇಳ್ಬೇಡಿ" ಎಂದ. ಪರದೆಯ ಹಿಂದೆ ಗುಂಡಿ ಹೊಲಿಯುತ್ತಿದ್ದ ಐಮನ್ ಕೇಳಿಸಿಕೊಂಡಳು. ಇಷ್ಟು ದಿನ ಅವನಿಗಾಗಿ ಅತ್ತವಳು, ಅವನು ಹೋದ ಮೇಲೆ ಸೂಜಿ ಕೆಳಗಿಟ್ಟು, "ಅಮ್ಮಿ, ನನ್ನ ಫೋಟೋ ವಾಪಸ್ ತರ್ಸು" ಎಂದಳು.

ಸಂಬಂಧಕ್ಕೆಂದು ಕೊಟ್ಟಿದ್ದ ಆ ಫೋಟೋವನ್ನು ಯಾರ ಕೈಯಲ್ಲಾದರೂ ಕಳಿಸಿಕೊಡಿ. ಹಾಗೆಯೇ ಮಗನ ತೋಳಿನ ತಾಯಿತ ಬಿಚ್ಚಿಬಿಡಿ. ಅವನು ಹೆದರುವುದು ಜಿನ್‌ಗಳಿಗಲ್ಲ.

ಖುದಾ ಹಾಫಿಜ್,
ಗಜಾಲಾ