ಪದ ಮರೆತವನ ಕ್ಯಾಸೆಟ್

ವಿರೂಪಾಪುರಗಡ್ಡೆ
21-2-2000

ಯಲಬುರ್ಗಾದ ತಬಲಾ ಮಾಸ್ತರರಿಗೆ, ನಿಮ್ಮ ಹೆಂಡತಿ ರೂಪಾ ಮಾಡುವ ನಮಸ್ಕಾರಗಳು.

ಮುನಿಸಿಕೊಂಡು ತವರಿಗೆ ಬಂದು ಒಂದು ವರ್ಷ ಏಳು ತಿಂಗಳಾಯಿತು. ಇದು ನನ್ನ ಮೊದಲ ಕಾಗದ. ಬೈಯುವುದಕ್ಕೆ ಬರೆದದ್ದಲ್ಲ, ಹರಿದು ಹಾಕದೆ ಓದಿರಿ. ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಬಂದವಳು ಕೈಕಾಲು ತೊಳೆದು ನೇರ ಇದಕ್ಕೇ ಕೂತಿದ್ದೇನೆ. ಊಟವೂ ಬೇಡವಾಗಿದೆ.

ನನ್ನ ತಮ್ಮ ವಿರುಪಾಕ್ಷಿ ನದಿ ದಂಡೆಯಲ್ಲಿ ಚಹಾದಂಗಡಿ ಇಟ್ಟಿರುವುದು ನಿಮಗೆ ಗೊತ್ತು. ಹಂಪಿ ನೋಡಲು ಬಂದು ಇಲ್ಲಿ ಉಳಿಯುವ ವಿದೇಶಿಯರೇ ಅವನ ಗಿರಾಕಿಗಳು. ಹೋದ ತಿಂಗಳು ಒಬ್ಬ ಮುದುಕಿ ಊರಿಗೆ ಹೊರಡುವಾಗ ಅವನಿಗೊಂದು ಕ್ಯಾಸೆಟ್ ಕೊಟ್ಟು ಹೋದಳು. ಅವಳ ಹರೆಯದ ಕಾಲದ ರಾಕ್ ಅಂಡ್ ರೋಲ್ ಗಾಯಕನಂತೆ, ಲೋಕವೆಲ್ಲ ಬಲ್ಲ ಹೆಸರಂತೆ. ಸ್ಟುಡಿಯೋದಲ್ಲಿ ಹಾಡಿದ್ದಲ್ಲ, ಸಾವಿರಾರು ಜನರೆದುರು ಹಾಡಿದ್ದನ್ನು ಹಾಗೇ ಹಿಡಿದದ್ದು. ಚಪ್ಪಾಳೆ, ಕೇಕೆ, ಹುಡುಗಿಯರ ಕೂಗು, ಅವನು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವೂ ಕೇಳಿಸುತ್ತದೆ. ಮೊದಲ ಸಲ ನನಗೆ ತಲೆನೋವು ಬಂತು. ಎರಡನೇ ಸಲ ಕಾಲು ತಾನಾಗಿಯೇ ತಾಳ ಹಾಕಿತು. ಆಮೇಲೆ ದಿನಾ ಅಂಗಡಿಗೆ ಹೋಗಿ ಕೇಳತೊಡಗಿದೆ.

ಅದರ ಎರಡನೇ ಮಗ್ಗುಲಲ್ಲಿ ಒಂದು ಹಾಡಿದೆ. ನಡುವೆ ಅವನು ತಟ್ಟನೆ ಸುಮ್ಮನಾಗುತ್ತಾನೆ, ಆಮೇಲೆ ನಗುತ್ತಾನೆ. ಏನಾಯಿತೆಂದು ಕೇಳಿದೆ. ವಿರುಪಾಕ್ಷಿ ಚಹಾ ಸೋಸುತ್ತಲೇ ಹೇಳಿದ:

“ಪದ ಮರ್ತಾನಕ್ಕ. ಮರ್ತೀನಿ ಅಂತ ಅವನ ಹೇಳಾಕತ್ಯಾನ.”

“ಮತ್ತ ಮಂದಿ ಯಾಕ ಚಪ್ಪಾಳಿ ಹೊಡೀತಾರ?”

“ಅವಾ ಎದ್ದು ಹೋಗಿಲ್ಲಲ್ಲ, ಅದಕ್ಕ.”

ಅವನು ನಗುವಷ್ಟು ಹೊತ್ತೂ ಹಿಂದೆ ಡ್ರಮ್ ಬಾರಿಸುವವನು ಕೈ ಬಿಟ್ಟಿರಲಿಲ್ಲ. ಕಾಯುತ್ತಿದ್ದ. ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸಿದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಕೊಪ್ಪಳದ ಆ ಸಂಜೆ ತತ್ವಪದದ ಮೂರನೇ ನುಡಿ ನನಗೆ ಮರೆತುಹೋದಾಗ ನಿಮ್ಮ ತಬಲಾ ನಿಂತಿರಲಿಲ್ಲ. ತಾಳ ತಪ್ಪದಂತೆ ಠೇಕಾ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಿರಿ. ಮೈಕು ಬಿಟ್ಟು ಓಡಿದವಳು ನಾನು. ಮನೆಗೆ ಬಂದು ಮಾತ್ರ, “ಇವ್ರು ತಬಲಾ ನಿಲ್ಲಿಸಿ ನನ್ನ ಮಾನ ಕಳದ್ರು” ಎಂದೆ. ಎಲ್ಲರೂ ನಂಬಿದರು. ಹಾಡಿನ ಮೇಳದವರು ನಿಮ್ಮನ್ನು ಕರೆಯುವುದೇ ಬಿಟ್ಟರೆಂದು ಕೇಳಿದಾಗಲೂ ನಾನು ಬಾಯಿ ತೆರೆಯಲಿಲ್ಲ. ನೀವೂ ಯಾರೆದುರೂ ನಿಜ ಹೇಳಲಿಲ್ಲ. ನನಗೆ ಹೆಚ್ಚು ಸಿಟ್ಟು ಬರುತ್ತಿದ್ದುದು ಅದಕ್ಕೇ.

ಕ್ಯಾಸೆಟ್ಟಿನ ಆ ನಗು ಕೇಳಿದ ದಿನವೇ ಅವ್ವನಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, “ಇಷ್ಟು ದಿನಾ ನಾ ಅಳಿಯಾಗ ಬೈದ್ನಲ್ಲ, ಆ ಪಾಪ ಯಾರ ತಲಿಗಿ?” ಎಂದಳು.

ಮೊನ್ನೆ ಶನಿವಾರ ಸಂಜೆ ಗಂಗಾವತಿಯಲ್ಲಿ ಮಹಿಳಾ ಮಂಡಳದ ಕಾರ್ಯಕ್ರಮವಿತ್ತು. ನಾನೇ ಹೋಗಿ ಹೆಸರು ಕೊಟ್ಟೆ. ಢೋಲಕ್ ಬಾರಿಸುವವರು ಜಿಲಾನಿ ಚಾಚಾ. ವೇದಿಕೆ ಹತ್ತುವ ಮುಂಚೆ, “ನಾ ಪದ ಮರ್ತರ ನೀವು ನಿಲ್ಲಬ್ಯಾಡ್ರಿ ಚಾಚಾ” ಎಂದೆ.

“ನೀ ಓಡಬ್ಯಾಡವಾ. ನನ್ನ ಕೈ ಎಲ್ಲೂ ಹೋಗಂಗಿಲ್ಲ.”

ಅದೇ ತತ್ವಪದ ಎತ್ತಿಕೊಂಡೆ. ಅದೇ ಮೂರನೇ ನುಡಿಗೆ ಬಂದು ಮತ್ತೆ ನಿಂತೆ. ಕಾಲುಗಳು ಆಗಲೇ ಮೆಟ್ಟಿಲ ಕಡೆ ತಿರುಗಿದ್ದವು. ಮೈಕಿನ ಕಂಬ ಗಟ್ಟಿಯಾಗಿ ಹಿಡಿದು, “ಪದಾ ಮರ್ತೀನ್ರಿ, ಸ್ವಲ್ಪ ತಡೀರಿ” ಎಂದೆ. ಹೇಳಿದ ಮೇಲೆ ನನಗೇ ನಗು ಬಂತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, “ಸಾವಕಾಶ ಹಾಡವಾ, ನಾವೇನ್ ಬಸ್ಸಿಗಿ ಹೋಗೋರಲ್ಲ” ಎಂದಳು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಢೋಲಕ್ ನಡೆದೇ ಇತ್ತು. ಎರಡು ಸುತ್ತು ಕಳೆದು ಮೂರನೆಯದಕ್ಕೆ ಪದ ಬಾಯಿಗೆ ಬಂತು ನೋಡಿ, ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಇನ್ನೊಂದು, ಇನ್ನೊಂದು ಎಂದು ನಾಲ್ಕು ಹಾಡಿಸಿದರು. ಕಡೆಯ ಹಾಡಿಗೆ ಮುಂಚೆ ಕೊಪ್ಪಳದ ನಿಜವನ್ನೂ ಮೈಕಿನಲ್ಲೇ ಹೇಳಿದೆ. ಹತ್ತು ಮಂದಿಗೆ ಸುಳ್ಳು ಹೇಳಿದವಳು ಐನೂರು ಮಂದಿಗೆ ನಿಜ ಹೇಳಬೇಡವೇ?

ಮಾರ್ಚ್ ಐದಕ್ಕೆ ಅಳವಂಡಿಗೆ ಕರೆದಿದ್ದಾರೆ. ತಬಲಾ ಯಾರದು ಎಂದು ಕೇಳಿದರು. ಆ ಜಾಗ ಹಾಗೇ ಬಿಡಿ ಎಂದಿದ್ದೇನೆ. ತಪ್ಪಾಯಿತೆನ್ನುವುದನ್ನು ಕಾಗದದಲ್ಲಿ ಮುಗಿಸುವುದಿಲ್ಲ, ಎದುರು ನಿಂತು ಹೇಳುತ್ತೇನೆ.

ಇಂತಿ,
ನಿಮ್ಮ ಮುಖ ನೋಡುವ ಧೈರ್ಯ ಈಗ ಬಂದಿರುವ
ರೂಪಾ

ತಾ.ಕ.: ನಿಮಗೇನೂ ಗೊತ್ತಿಲ್ಲವೆಂಬಂತೆ ಇಷ್ಟೆಲ್ಲ ಬರೆದೆ. ಗಂಗಾವತಿಯಲ್ಲಿ ಮೂರನೇ ನುಡಿ ನನಗೆ ಚೆನ್ನಾಗಿಯೇ ನೆನಪಿತ್ತು. ಪೆಂಡಾಲಿನ ಹಿಂದಿನ ಕಂಬಕ್ಕೆ ಒರಗಿ ನಿಂತವರು ಯಾರೆಂದು ಕಂಡಾಗ ಮರೆತುಹೋಯಿತು. ನಾನು ತಡವರಿಸುತ್ತಿದ್ದಾಗ ನಿಮ್ಮ ಬೆರಳುಗಳು ಆ ಕಂಬದ ಮೇಲೆ ಠೇಕಾ ಹಾಕುತ್ತಿದ್ದವು. ಪದ ಸಿಕ್ಕಿದ್ದು ಅದನ್ನು ನೋಡಿ. ಕಡೆಯ ಹಾಡು ಮುಗಿಸಿ ಇಳಿಯುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಜಿಲಾನಿ ಚಾಚಾಗೆ ಮಾತ್ರ ಹೇಳಬೇಡಿರಿ.