ಹಂಸಳಿಗೆ ಹೇಳಬೇಕಾಗಿದ್ದ ಮಾತು

ಹೊಳೆನರಸೀಪುರ
೧೪-೧೧-೧೯೯೮

ಚಿ. ಸೌ. ಹಂಸಳಿಗೆ ನಿನ್ನ ಮಾವ ವರದರಾಜನ ಆಶೀರ್ವಾದಗಳು.

ನೀನು ಶ್ರಾವಣದಲ್ಲಿ ಬರೆದ ಕಾಗದಕ್ಕೆ ಕಾರ್ತಿಕದಲ್ಲಿ ಉತ್ತರ ಬರೆಯುತ್ತಿದ್ದೇನೆ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಖ ತೋರಿಸಲಾಗದವನು ಕಾಗದವನ್ನಾದರೂ ಹೇಗೆ ಬರೆಯಲಿ ಎಂದು ಸುಮ್ಮನಿದ್ದೆ. ನೀನು ಕೇಳಿದ್ದು ಒಂದೇ ಮಾತು: "ಅವರು ಊಟ ಮಾಡ್ತಿದಾರಾ?"

ಮಾಡುತ್ತಿದ್ದಾನೆ, ತಾಯಿ. ಅದು ಹೇಗಾಯಿತು ಎಂದು ಹೇಳುತ್ತೇನೆ.

ನಿನ್ನ ಗಂಡ ಕೇದಾರ ಕೆಲಸಕ್ಕೆಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುವುದನ್ನು ಬಿಟ್ಟದ್ದು ನಿನಗೇ ಗೊತ್ತು. ಮೆಷಿನ್ನಿನ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುತ್ತಾರೆ ಎನ್ನುತ್ತಿದ್ದ. ಆಮೇಲೆ ನಿನ್ನ ಅಡುಗೆಯಲ್ಲಿ ವಿಷವಿದೆ ಎಂದ. ಆಗ ನಾನೇನು ಮಾಡಿದೆ? ನಿನ್ನನ್ನು ಅರಕಲಗೂಡಿನ ತವರಿಗೆ ಕರೆದುಕೊಂಡು ಹೋಗಿ ನಿಮ್ಮ ತಂದೆಯವರ ಮುಂದೆ ನಿಂತು, "ಇವಳ ಕಾಲ್ಗುಣ ನಮ್ಮ ಮನೆಗೆ ಆಗಿಬರಲಿಲ್ಲ, ಸ್ವಲ್ಪ ದಿನ ಇಲ್ಲೇ ಇರಲಿ" ಎಂದೆ. ಅವರು ನನಗೆ ನೀರು ತಂದು ಕೊಟ್ಟರು. ಆ ಲೋಟ ಹಿಡಿದ ಕೈ ಈಗ ಬರೆಯುತ್ತಿದೆ.

ಆಮೇಲೆ ನಿಮ್ಮತ್ತೆಯ ಬಲವಂತಕ್ಕೆ ನುಗ್ಗೇಹಳ್ಳಿಯಿಂದಾಚೆ ಒಬ್ಬ ಮಂತ್ರವಾದಿಯ ಹತ್ತಿರ ಹೋದೆವು. ಕೇದಾರನ ಮುಖಕ್ಕೆ ಹೊಗೆ ಹಾಕಿದರು, ಬೆತ್ತದಲ್ಲಿ ಹೊಡೆದರು. ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು, ಕಂಬಕ್ಕೆ ಒರಗಿಕೊಂಡು ನೋಡುತ್ತಿದ್ದೆ. ಮನೆಗೆ ಬಂದ ನಾಲ್ಕನೆಯ ದಿನ ಕೇದಾರ ಹೇಳದೆ ಎದ್ದುಹೋದ.

ಅವನು ಸಿಕ್ಕಿದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿ ಹಣ್ಣಿನಂಗಡಿ ಇಟ್ಟಿರುವ ಚನ್ನಪ್ಪ ನನ್ನ ಹಳೆಯ ವಿದ್ಯಾರ್ಥಿ. ಅವನೇ ಗುರುತು ಹಿಡಿದು ಫೋನು ಮಾಡಿಸಿದ. ನಾನು ಹೋದಾಗ, "ಯಾರು ಏನ್ ಕೊಟ್ರೂ ಮುಟ್ನಿಲ್ಲ ಸಾ. ಸುಲೀದೆ ಇರೋ ಬಾಳೇಣ್ಣು ಕೊಟ್ಟೆ. ಇದ್ರೊಳ್ಗೆ ಯಾರಾದ್ರೂ ಏನಾರ ಬೆರ್ಸಾಕಾದದಾ ಅಂದೆ. ಆರು ತಿಂದ್ರು" ಎಂದ.

ಅಷ್ಟು ಮಾಡಿದವನಿಗೆ ನಾನು ಆಡಿದ ಮೊದಲ ಮಾತು, "ಚನ್ನಪ್ಪ, ನಮ್ಮೂರಲ್ಲಿ ಯಾರಿಗೂ ಹೇಳಬೇಡಪ್ಪ."

"ಯೋಳಾಕಿಲ್ಲ ಬುಡಿ ಸಾ. ಆದ್ರೆ ಮುಚ್ಚಿಟ್ರೆ ವಾಸಿಯಾಗೋ ಕಾಯ್ಲೆ ಅಲ್ಲ ಇದು. ನಮ್ಮ ಚಿಕ್ಕಮ್ಮಂಗೂ ಇಂಗೇ ಆಗಿತ್ತು. ಆಸನದ ಆಸ್ಪತ್ರೆಗೆ ಕರ್ಕೊಂಡೋದೋ, ಈಗ ಚೆನ್ನಾಗವ್ರೆ. ನಡೀರಿ, ನಾನೂ ಬತ್ತೀನಿ." ಅಂಗಡಿ ಮುಚ್ಚಿ ಬಂದೇ ಬಿಟ್ಟ.

ಹಾಸನದ ಡಾಕ್ಟರು ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು. "ಆ ಧ್ವನಿ ನಿಮಗೆ ಕೇಳಿಸಲ್ಲ, ಅವರಿಗೆ ಕೇಳಿಸುತ್ತೆ. ಇಲ್ಲ ಅಂತ ವಾದ ಮಾಡಬೇಡಿ, ಹೌದು ಅಂತ ತಲೆಯಾಡಿಸಲೂ ಬೇಡಿ. ಭಯ ಆಗ್ತಿದೆಯಾ ಅಂತ ಕೇಳಿ, ಜೊತೆಗಿರಿ" ಎಂದರು. ಇಷ್ಟು ತಿಂಗಳಲ್ಲಿ ಅವನಿಗೆ ಭಯವಾಗಿರಬಹುದು ಎಂದು ನನಗೆ ಹೊಳೆದಿರಲಿಲ್ಲ, ಹಂಸ. ನಮ್ಮ ಮರ್ಯಾದೆಯ ಭಯವೇ ಮನೆ ತುಂಬಿತ್ತು.

ಮಾತ್ರೆ ಶುರುವಾಗಿ ಏಳು ವಾರವಾಯಿತು. ನಿದ್ದೆ ಮಾಡುತ್ತಾನೆ, ತಾನೇ ಬಡಿಸಿಕೊಂಡು ಉಣ್ಣುತ್ತಾನೆ. ಮಾತ್ರೆಯಿಂದ ಕೈ ಕೊಂಚ ನಡುಗುತ್ತದೆ. ಧ್ವನಿ ಪೂರ್ತಿ ಹೋಗಿಲ್ಲ, ದೂರವಾಗಿದೆಯಂತೆ. ಮೊನ್ನೆ ಊಟದ ಮಧ್ಯೆ, "ಹಂಸ ಮಾಡಿದ ಸಾರನ್ನ ಅವಳ ಎದುರಿಗೇ ಚೆಲ್ಲಿಬಿಟ್ಟೆ ಅಲ್ವಾಪ್ಪ" ಎಂದ. ನಿಮ್ಮತ್ತೆ ಎದ್ದು ಒಳಗೆ ಹೋದಳು.

ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಬರುವುದು ಬಿಡುವುದು ನಿನ್ನಿಷ್ಟ. ಬಾರದಿದ್ದರೆ ನಿನ್ನದು ತಪ್ಪು ಎನ್ನುವವರಿಗೆ ನಾನೇ ಉತ್ತರ ಕೊಡುತ್ತೇನೆ. ಹಾರೈಸುವ ಯೋಗ್ಯತೆ ನನಗೆ ಉಳಿದಿಲ್ಲದಿದ್ದರೂ, ನೀನು ಎಲ್ಲಿದ್ದರೂ ತಲೆಯೆತ್ತಿ ನಗುನಗುತ್ತಾ ಇರು.

ಇಂತು,
ವರದರಾಜ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ಕೇದಾರನಿಗೆ ಇದು ಮೊದಲ ಸಲವಲ್ಲ. ಡಿಪ್ಲೊಮಾ ಓದುವಾಗ ಹೀಗೇ ಆಗಿತ್ತು. ಗುಟ್ಟಾಗಿ ಮೈಸೂರಿನಲ್ಲಿ ತೋರಿಸಿದೆವು. ನಾಲ್ಕು ವರ್ಷ ಮಾತ್ರೆ ನುಂಗಿ ಚೆನ್ನಾಗಿದ್ದ. ಹೇಳದೆ ಕೇಳದೆ ನಿಲ್ಲಿಸಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ನಿಮ್ಮ ಮದುವೆಗೆ ಹನ್ನೊಂದು ದಿನವಿರುವಾಗ ನಾನೇ ನಿಲ್ಲಿಸಿದೆ. ಹೊಸ ಸೊಸೆ ಕಂಡು, ಇದೇನು ಮಾತ್ರೆ ಎಂದು ಕೇಳಿದರೆ ಏನು ಹೇಳುವುದು ಎಂದು. "ನಿಲ್ಲಿಸೋದು ಬೇಡಪ್ಪ, ನಂಗೆ ಭಯ" ಎಂದ ಕೇದಾರ. ಕೈಯಿಂದ ಕಿತ್ತುಕೊಂಡೆ. ಹಾಸನದ ಡಾಕ್ಟರು "ಮುಂಚೆ ಯಾವಾಗಲಾದರೂ ಆಗಿತ್ತಾ?" ಎಂದು ಕೇಳಿದಾಗ ಕೇದಾರ ನನ್ನ ಮುಖ ನೋಡಿ, "ಇಲ್ಲ" ಎಂದ. ಆ ಸ್ಥಿತಿಯಲ್ಲೂ ಅಪ್ಪನ ಮಾನ ಕಾಯಲು ಹೊರಟಿದ್ದ. ನಿಜ ನಾನು ಹೇಳಿದೆ. ನಿನ್ನ ಕಾಲ್ಗುಣವಲ್ಲ, ತಾಯಿ. ನಿಮ್ಮ ತಂದೆಯವರಿಗೂ ಇದನ್ನು ಓದಿ ಹೇಳು.